ಮುಚ್ಚಳ ತೆಗೀಬ್ಯಾಡ್ರಿ

ಧೈರ್ಯವಿದ್ದರೆ ಇದನ್ನು ನಂಬಬೇಡಿ ನೋಡೋಣ. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮೊಟ್ಟೆಯನ್ನೂ ಮುಟ್ಟದ ಹೆಂಗಸೊಬ್ಬರು ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಹಿಂದೆ ಇಲಿಮರಿಗಳನ್ನು ಇಟ್ಟುಕೊಂಡಿದ್ದರು. ಒಂದು ಹಾವಿನ ಮರಿಗೆ ಊಟ ಕಲಿಸಲು ಎಂಟು ವಾರ ಹೆಣಗಿದರು. ಇವನು ಊರಿಗೆಲ್ಲ ಟೋಪಿ ಹಾಕಿದವನು, ಇದೂ ಅಂಥದ್ದೇ ಎಂದು ನಗುತ್ತೀರಿ. ನಗಿ. ಸಾಕ್ಷಿ ನನ್ನ ಮೇಜಿನ ಮೇಲೇ ಇದೆ.

ಹೋದ ವಾರ ಕೋಟು ತೂಗುಹಾಕುವ ಗೋಡೆಗೂಡು, ಇಲ್ಲಿಯವರ ಕ್ಲಾಸೆಟ್, ಖಾಲಿ ಮಾಡುವಾಗ ಹಳೇ ಬೂಟುಗಳ ಹಿಂದೆ ಒಂದು ಮೊಸರಿನ ಡಬ್ಬಿ ಸಿಕ್ಕಿತು. ಮುಚ್ಚಳದ ತುಂಬ ಕಾಯಿಸಿದ ಸೂಜಿಯಿಂದ ಚುಚ್ಚಿದ ತೂತುಗಳು. ಮೂಗಿನ ಹತ್ತಿರ ತಂದೆ. ಮೊಸರಿನ ವಾಸನೆ ಎಂದೋ ಹೋಗಿತ್ತು. ಒಳಗೆ ಉಳಿದಿದ್ದ ಕಾಗದದ ಚೂರುಗಳ ಮುಗ್ಗು ವಾಸನೆ ಮಾತ್ರ... ಆಮೇಲೆ ಬಹಳ ಹೊತ್ತು ಕೆಲಸಕ್ಕೆ ಕೈ ಹೋಗಲಿಲ್ಲ.

ತೊಂಬತ್ತರ ದಶಕ. ಅಮೆರಿಕದ ವರ್ಜೀನಿಯಾ, ಸ್ಟರ್ಲಿಂಗ್‌ನಲ್ಲಿ ಈಗಿರುವ ಇದೇ ಸಾಲುಮನೆ. ಆಗ ನಾನು ಒಬ್ಬಂಟಿ, ಹಗಲೆಲ್ಲ ಕಂಪ್ಯೂಟರ್ ಕೆಲಸ, ಉಳಿದ ಹೊತ್ತು ಕೀಟಲೆ. ಬೆಂಗಳೂರಿನಿಂದ ಹೊಸದಾಗಿ ಬಂದವನೊಬ್ಬನಿಗೆ, ಕಸದ ಡಬ್ಬಿ ಹೊರಗಿಡುವ ಮೊದಲು ಕೌಂಟಿ ಆಫೀಸಿಗೆ ಫೋನ್ ಮಾಡಿ ಪರ್ಮಿಷನ್ ಕೇಳಬೇಕು ಎಂದು ಹೇಳಿಕೊಟ್ಟಿದ್ದೆ. ಪಾಪ, ಮೂರು ವಾರ ಫೋನ್ ಮಾಡಿದ. ಸಿಕ್ಕಿಬಿದ್ದ ದಿನ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ತಮಾಷೆಗಳೆಲ್ಲ ಹಾಗೆಯೇ. ಕೊನೆಗೆ ಸಿಕ್ಕಿಬಿದ್ದೇ ಬೀಳುತ್ತಿದ್ದೆ, ಅದರಲ್ಲೇ ಮಜಾ.

ಆ ಇಲಿಮರಿಗಳ ಹೆಂಗಸು ನನ್ನ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ನೋಡಿಕೊಳ್ಳುವ ನರ್ಸು. ನಾನು ಅವರ ಮಾತನ್ನೇ ಅಣಕಿಸುತ್ತ 'ಅಕ್ಕಾರ' ಎನ್ನುತ್ತಿದ್ದೆ. ಅವರು ನನ್ನನ್ನು 'ಮೈಸೂರು ಸಾಹೇಬ್ರ' ಎಂದು ಕುಟುಕುತ್ತಿದ್ದರು. ಹಾವಿನ ಹುಚ್ಚು ಅವರದಲ್ಲ, ಅವರ ಯಜಮಾನರದು. ಇಲ್ಲಿ ಕಾರ್ನ್ ಸ್ನೇಕ್ ಅನ್ನುತ್ತಾರೆ, ವಿಷವಿಲ್ಲದ ಕಿತ್ತಳೆ ಬಣ್ಣದ ಹಾವು. ಅಂಥ ಒಂದು ಜೋಡಿ ಸಾಕಿದ್ದರು. ಮರಿ ಮಾಡಿಸಬೇಕೆಂದು ಮಾರ್ಚ್‌ನಲ್ಲಿ ಎರಡನ್ನೂ ಒಂದೇ ಪೆಟ್ಟಿಗೆಗೆ ಬಿಟ್ಟರು. ಏಪ್ರಿಲ್‌ನಲ್ಲಿ ಯಜಮಾನರು ಆಫೀಸಿನಲ್ಲಿ ಕೂತಲ್ಲೇ ಹೃದಯ ನಿಂತು ತೀರಿಹೋದರು.

ಜೂನ್‌ನಲ್ಲಿ ಹಾವು ಮೊಟ್ಟೆ ಇಟ್ಟಿತು. ಎಲ್ಲ ಕೆಟ್ಟು, ಆಗಸ್ಟ್‌ನಲ್ಲಿ ಒಂದೇ ಒಂದು ಒಡೆಯಿತು. ಬೂಟಿನ ಲೇಸಿನಷ್ಟು ದಪ್ಪದ ಮರಿ. ದೊಡ್ಡ ಜೋಡಿಯನ್ನು ಅಕ್ಕ ಯಾರಿಗೋ ಕೊಟ್ಟುಬಿಟ್ಟರು. ಮರಿಯನ್ನು ಮಾತ್ರ ಕೊಡಲಿಲ್ಲ.

"ಅವರು ಶುರು ಮಾಡಿದ್ದು ಇದೊಂದ ಉಳದೈತ್ರಿ," ಎಂದರು. "ಇದು ಉಂಡು ಬದುಕಿದ್ರ ಸಾಕು."

ಮರಿ ಬಾಯಿಯನ್ನೇ ತೆರೆಯಲಿಲ್ಲ. ಅಂಗಡಿಯಿಂದ ತಂದ, ಹುಟ್ಟಿದ ದಿನವೇ ಸಾಯಿಸಿ ಹೆಪ್ಪುಗಟ್ಟಿಸಿದ ಇಲಿಮರಿಯನ್ನು ಅಕ್ಕ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಆಡಿಸುತ್ತಿದ್ದರು. ಅದು ಮುಖ ತಿರುಗಿಸುತ್ತಿತ್ತು. ವಾಸನೆ ಹರಡಲಿ ಎಂದು ಇಲಿಮರಿಯ ತಲೆಗೆ ಸೂಜಿ ಚುಚ್ಚಿ ಕೊಟ್ಟರು, ಅದಕ್ಕೂ ಬಗ್ಗಲಿಲ್ಲ. ಬಾಯಿ ಬಿಡಿಸಿ ತುರುಕಿಬಿಡಿ ಎಂದೆ ನಾನು.

"ನಿಮಗ ಯಾರರ ಹಂಗ ತುರುಕಿದ್ರ ಉಣ್ತೀರೇನು? ನಮ್ಮ ವಾರ್ಡಿನ್ಯಾಗ ಅಂಗೈಯಷ್ಟು ಕೂಸು ಇರ್ತಾವ್ರಿ. ಹಾಲು ಚೀಪೋದು ಗೊತ್ತಿರಂಗಿಲ್ಲ. ಅವಸರ ಮಾಡಿದ್ರ ಉಸಿರುಗಟ್ತಾವ. ತಾನ ನೆನಪು ಮಾಡ್ಕೊಳೂತನಕ ಕಾಯಬೇಕು."

ಈ ಜಾತಿಯ ಮರಿಗಳು ಕಾಡಿನಲ್ಲಿ ಮೊದಲು ಹಿಡಿಯುವುದು ಸಣ್ಣ ಹಸಿರು ಹಲ್ಲಿಗಳನ್ನಂತೆ. ಇಲಿಮರಿಗೆ ಹಲ್ಲಿಯ ವಾಸನೆ ಹತ್ತಿಸಿದರೆ ಮೋಸಹೋಗಿ ತಿನ್ನುತ್ತದೆ ಎಂದು ಯಜಮಾನರ ಪುಸ್ತಕದಲ್ಲಿತ್ತು. ಅಂಥ ಹಸಿರು ಹಲ್ಲಿ ನಮ್ಮ ವರ್ಜೀನಿಯಾದಲ್ಲಿ ಇಲ್ಲ, ಕ್ಯಾರೊಲಿನಾದಲ್ಲಿ ಬೇಲಿ ಬೇಲಿಗೂ ಇವೆ. ಅಲ್ಲಿಯ ಏಪೆಕ್ಸ್ ಊರಿನಲ್ಲಿದ್ದ ಅಕ್ಕನ ತಂಗಿ ಒಂದು ಭಾನುವಾರ ನಮ್ಮ ಕಡೆಯ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಬರುವಾಗ ಉಪ್ಪಿನಕಾಯಿ ಬಾಟಲಿಯಲ್ಲಿ ಒಂದನ್ನು ಹಿಡಿದು ತಂದರು. ಪಾರ್ಕಿಂಗ್ ಲಾಟಿನಲ್ಲಿ ಚೀಲ ಕೈ ಬದಲಾಯಿತು.

"ಏನ್ರೀ ಅದು, ಪ್ರಸಾದಾನಾ?" ಎಂದು ಒಬ್ಬ ಆಂಟಿ ಕೇಳಿದರು.

"ಹೂಂ ಆಂಟಿ, ಸ್ವಲ್ಪ ತಗೊಳ್ಳಿ, ಕೈ ಹಾಕಿ," ಎಂದೆ. ಅಕ್ಕ ನನ್ನ ಕಾಲು ತುಳಿದರು. ಯಜಮಾನರು ಹೋದ ಮೇಲೆ ಆಕೆ ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು.

ಆ ವಾರವೇ ಊರಿಂದ ಫೋನ್, ಅಕ್ಕನ ಅತ್ತೆಗೆ ಹುಷಾರಿಲ್ಲ ಎಂದು. ಅಕ್ಕ ಎರಡು ವಾರಕ್ಕೆ ಹೊರಟರು. ಮರಿ, ಹಲ್ಲಿ, ಇಲಿಮರಿಗಳ ಪೊಟ್ಟಣ ಎಲ್ಲ ನನ್ನ ಮನೆಗೆ ಬಂದವು. ಜೊತೆಗೆ ಈ ಡಬ್ಬಿ.

"ಇಲಿಮರೀನ ಹಲ್ಲಿಗೆ ತಿಕ್ಕಿ, ಹಾವಿನ ಜೋಡಿ ಇದರಾಗ ಇಡ್ರಿ. ಕತ್ತಲಿದ್ದಲ್ಲೆ, ಕೋಟಿನ ಕ್ಲಾಸೆಟ್‌ನ್ಯಾಗ. ಮುಂಜಾನೆ ಇಟ್ರ ಸಂಜಿಗೇ ನೋಡ್ಬೇಕು. ಯಾರರ ನೋಡಾಕತ್ರ ಅದು ಉಣ್ಣಂಗಿಲ್ಲ. ಒಟ್ಟ ಮುಚ್ಚಳ ತೆಗೀಬ್ಯಾಡ್ರಿ."

"ಆಣೆ ಮಾಡ್ಲಾ?"

"ನಿಮ್ಮ ಆಣಿ ಯಾರಿಗೆ ಬೇಕ್ರಿ ಸಾಹೇಬ್ರ. ತೆಗೀಬ್ಯಾಡ್ರಿ, ಅಷ್ಟ."

ಶನಿವಾರ ಬೆಳಿಗ್ಗೆ ಹೇಳಿದ ಹಾಗೇ ಇಟ್ಟೆ. ಮಧ್ಯಾಹ್ನ ಅನ್ನಕ್ಕಿಟ್ಟು ಕ್ಲಾಸೆಟ್ ಮುಂದೆ ಹಾದುಹೋಗುವಾಗ ಒಳಗೆ ಕಾಗದ ಸರಿದ ಸದ್ದು. ನಿಂತೆ. ಮತ್ತೆ ಸದ್ದು. ಬೇರೆಯವರ ಪಾರ್ಸೆಲ್ಲು, ಬೇರೆಯವರ ಕಾಗದ, ಏನನ್ನೂ ತೆರೆಯದೆ ಬಿಟ್ಟವನಲ್ಲ ನಾನು. ಟಾರ್ಚ್ ಹಿಡಿದು ಮುಚ್ಚಳ ಎತ್ತಿದೆ.

ತಿನ್ನುತ್ತಿತ್ತು.

ಆ ಎಳೆಯ ದವಡೆ ಅಗಲವಾಗಿ ಹಿಗ್ಗಿ, ಇಲಿಮರಿಯ ತಲೆ ಅರ್ಧ ಒಳಗೆ ಹೋಗಿತ್ತು. ಹಾವಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಲು ಬರುವುದಿಲ್ಲ. ಬೆಳಕು ಬಿದ್ದ ಆ ಕಣ್ಣು ನನ್ನ ಕಡೆಗೇ ಇತ್ತು. ಆಮೇಲೆ ನಿಧಾನವಾಗಿ, ಒಂದು ಚೂರೂ ಗಡಿಬಿಡಿ ಇಲ್ಲದೆ, ದವಡೆಯನ್ನು ಹಿಂದೆ ಹಿಂದೆ ಎಳೆದುಕೊಂಡು ಬಾಯಿಂದ ಬಿಟ್ಟುಬಿಟ್ಟಿತು. ಮುಚ್ಚಳ ಹಾಕಿದೆ. ಸಂಜೆಯವರೆಗೆ ಕ್ಲಾಸೆಟ್ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ, ಕಾವಲಿಗೆ ಕೂತವನ ಹಾಗೆ... ಕಾಗದ ಮತ್ತೆ ಸರಿಯಲಿಲ್ಲ.

ಅದಾದ ಮೇಲೆ ಎರಡು ಸಲ ಇಟ್ಟೆ, ಮುಚ್ಚಳ ಮುಟ್ಟದೆ. ಮೂಸಲಿಲ್ಲ. ಹತ್ತನೇ ದಿನ ಸುರುಳಿ ಬಿಚ್ಚಿ ನೆಟ್ಟಗೆ ಮಲಗಿತ್ತು. ಹಿತ್ತಲಲ್ಲಿ ಹೊಸದಾಗಿ ನೆಟ್ಟಿದ್ದ ಡಾಗ್‌ವುಡ್ ಸಸಿಯ ಬುಡದಲ್ಲಿ ಚಮಚದಿಂದ ಮಣ್ಣು ತೋಡಿ ಹುಗಿದೆ.

ಆಮೇಲೆ ಮಾಡಿದ್ದು ನನ್ನ ಜೀವನದ ಅತಿ ನಾಜೂಕಿನ ಕೆಲಸ. ಮೇರಿಲ್ಯಾಂಡಿನಲ್ಲಿ ಹಾವು, ಹಲ್ಲಿ, ಆಮೆ ಮಾರುವ ಒಂದು ಸಂತೆ ನಡೆದಿತ್ತು. ಹೋದೆ. ಒಂದೊಂದೇ ಡಬ್ಬಿ ಎತ್ತಿ ನೋಡಿ, ಅದೇ ಉದ್ದ, ಅದೇ ಬಣ್ಣ, ಕತ್ತಿನ ಮೇಲೆ ಅಂಥದೇ ಮಚ್ಚೆಯ ಮರಿ ಹುಡುಕಿ ತಂದೆ. ಮಾರಿದವನು "ಕೊಟ್ಟಿದ್ದನ್ನೆಲ್ಲ ತಿನ್ನುತ್ತೆ" ಎಂದಿದ್ದ.

ಅಕ್ಕ ಡಲ್ಲೆಸ್ ಏರ್‌ಪೋರ್ಟಿನಿಂದ ಸೂಟ್‌ಕೇಸ್ ಸಮೇತ ನನ್ನ ಮನೆಗೇ ಬಂದರು. ಕೋಟು ಬಿಚ್ಚದೆ ಇಲಿಮರಿ ಬಿಸಿ ಮಾಡಿ ಹಿಡಿದರು. ಮರಿ ನುಗ್ಗಿ ಕಚ್ಚಿಕೊಂಡಿತು. ಅಕ್ಕ ನೆಲದ ಮೇಲೆ ಕೂತುಬಿಟ್ಟರು.

"ನನ್ನ ಕೈಯಾಗ ಒಂದಿನಾ ಬಾಯಿ ತೆರೀಲಿಲ್ಲ ನೋಡ್ರಿ. ಎಷ್ಟು ಕೂಸಿಗೆ ಉಣ್ಣಾಕ ಕಲಿಸೀನಿ ನಾನು... ಏನು ಮಾಡಿದ್ರಿ?"

"ಸುಮ್ನೆ ಇದ್ದೆ ಅಷ್ಟೇ. ಮುಚ್ಚಳ ತೆಗೀಲಿಲ್ಲ."

ಅವರು ಕಣ್ಣು ಒರೆಸಿಕೊಂಡರು. ನಾನು ಕಿಟಕಿಯಿಂದ ಡಾಗ್‌ವುಡ್ ನೋಡುತ್ತಿದ್ದೆ.

ದೇವಸ್ಥಾನದಲ್ಲಿ ಕಂಡಕಂಡವರಿಗೆಲ್ಲ ಆಕೆ ಹೇಳಿದರು, ನಮ್ಮ ಯಜಮಾನರ ಹಾವು ಉಳಿದದ್ದು ಸಾಹೇಬರ ಕೈಗುಣದಿಂದ ಎಂದು. ಅನ್ನ ತಿನ್ನದ ಮಕ್ಕಳ ತಾಯಂದಿರು ನನಗೆ ಫೋನ್ ಮಾಡತೊಡಗಿದರು. "ಅಂಕಲ್, ಒಂದ್ಸಲ ಬಂದು ಇವ್ನಿಗೆ ಊಟ ಮಾಡಿಸ್ತೀರಾ?" ನಾನು ಹೋಗುತ್ತಿದ್ದೆ, ಮೀಸೆ ತಿರುವುತ್ತಲೇ ಹೋಗುತ್ತಿದ್ದೆ. ರಾತ್ರಿ ಮಾತ್ರ ಕ್ಲಾಸೆಟ್ಟಿನಲ್ಲಿ ಕಾಗದ ಸರಿಯುತ್ತಿತ್ತು.

ಮೂರನೇ ವರ್ಷ ಅಕ್ಕ ಏಪೆಕ್ಸ್‌ಗೆ, ತಂಗಿಯ ಹತ್ತಿರಕ್ಕೆ ಹೊರಟರು. ತೋಳುದ್ದ ಬೆಳೆದಿದ್ದ ಹಾವು ದಿಂಬಿನ ಚೀಲದೊಳಗೆ ಪಕ್ಕದ ಸೀಟಿನಲ್ಲಿತ್ತು. ಕಾರು ಹೊರಟು ಮತ್ತೆ ನಿಂತಿತು. ಕಿಟಕಿ ಇಳಿಯಿತು.

"ಸಾಹೇಬ್ರ, ಮೊದಲಿನ ಮರೀನ ಎಲ್ಲಿ ಇಟ್ಟೀರಿ?"

ಬೆರಳು ಎತ್ತಿ ಹಿತ್ತಲ ಕಡೆ, ಡಾಗ್‌ವುಡ್ ತೋರಿಸಿದೆ.

ಆಕೆ ಅತ್ತ ನೋಡಿದರು. "ಗಿಡ ಇನ್ನೂ ಸಣ್ಣದೈತಿ. ನೀರು ಹಾಕ್ರಿ," ಎಂದು ಕಿಟಕಿ ಏರಿಸಿದರು.

ಹೋದ ಚಳಿಗಾಲ ಅಕ್ಕ ತೀರಿಕೊಂಡರೆಂದು ಅವರ ತಂಗಿ ಫೋನ್ ಮಾಡಿದರು. ನಿಮ್ಮ ಹೆಸರು ಎತ್ತಿದರೆ ಕೊನೆವರೆಗೂ ಹಾವಿನ ಕಥೆಯನ್ನೇ ಹೇಳುತ್ತಿದ್ದರು ಎಂದರು. ಯಾವ ಕಥೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಡಾಗ್‌ವುಡ್ ಈಗ ಸೂರಿನ ಎತ್ತರಕ್ಕೆ ಬಂದಿದೆ. ಡಬ್ಬಿಗೆ ಮುಚ್ಚಳ ಹಾಕಿ ಇದೋ ಇಲ್ಲಿ ಇಟ್ಟಿದ್ದೇನೆ.

ಇಷ್ಟು ಓದಿದ್ದೀರಿ, ಒಂದು ಮಾತು ಹೇಳಿಬಿಡುತ್ತೇನೆ. ಇಲಿಮರಿ ನಿಜ, ಉಪ್ಪಿನಕಾಯಿ ಬಾಟಲಿಯ ಹಲ್ಲಿ ನಿಜ, ಆ ಕಣ್ಣು ನಿಜ. ಕಾರು ನಿಂತದ್ದೂ ಕಿಟಕಿ ಇಳಿದದ್ದೂ ನಿಜ. ಆದರೆ ಆಕೆ ಅಂದದ್ದು ಇಷ್ಟೇ, "ಬರ್ತೀನ್ರಿ. ಚಳಿ ಭಾಳ ಐತಿ, ಒಳಗ ಹೋಗ್ರಿ." ಮೊದಲಿನದರ ಮಾತು ಆಕೆ ಎತ್ತಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಅದೊಂದನ್ನು ನಾನೇ ಕಟ್ಟಿದ್ದು. ಇನ್ನೇನು ಕೇಳಿಯೇಬಿಡುತ್ತಾರೆ ಎಂದು ಹಿತ್ತಲ ಕಡೆ ಆಗಲೇ ಎತ್ತಿಬಿಟ್ಟಿದ್ದ ಬೆರಳಿಗೆ ಉಳಿದ ನಾಲ್ಕನ್ನೂ ಸೇರಿಸಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಟಾಟಾ ಮಾಡಿದೆ.