ಕಟ್ಟಿನ ನಡುವಿನ ಎಲೆ

ದೊಡ್ಡಸಿದ್ದಯ್ಯನಿಗೆ ಮೋಸ ಮಾಡುವವರು ಮಳವಳ್ಳಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಇದು ದೊಡ್ಡಸಿದ್ದಯ್ಯನದೇ ಅಭಿಪ್ರಾಯ. ಪೇಟೆ ಬೀದಿಯ ಅವನ ಅಂಗಡಿಗೆ ಹೊಗೆಸೊಪ್ಪಿನ ಕಟ್ಟು ಬಂದರೆ ಮೇಲಿನ ಎಲೆಯ ಕಡೆ ಕಣ್ಣೂ ಹಾಯಿಸುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಒಂದೆಲೆ ಎಳೆದು ಮೂಸುತ್ತಾನೆ.

"ಮೇಲಿರೋದು ಮದ್ವೆ ಎಣ್ಣು ಕಣ್ಲಾ, ಸಿಂಗಾರ ಮಾಡಿ ಕೂರ್ಸಿರ್ತಾರೆ. ಒಳಗಿರೋದೇ ಸಂಸಾರ."

ನಡುವಿನ ಎಲೆ ಕೊಳೆತಿದ್ದರೆ, ತಂದವನಿಗೆ ಟೀ ಕುಡಿಸಿ ಕಟ್ಟನ್ನು ಅವನ ತಲೆಗೇ ಹೊರಿಸಿ ಕಳಿಸುತ್ತಾನೆ.

ಇಂಥವನಿಗೆ ಪೇಪರಿನವರು ಯಾವ ಲೆಕ್ಕ? ಹೊಗೆಸೊಪ್ಪು ಅಗಿದರೆ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಸುದ್ದಿ ಬಂದ ದಿನ, ಆ ಹಾಳೆಯಲ್ಲೇ ಬೆಳಕವಾಡಿಯ ಮಾದಯ್ಯನಿಗೆ ಹೊಗೆಸೊಪ್ಪು ಕಟ್ಟಿಕೊಟ್ಟ.

"ಓದ್ ವರ್ಸ ಕಾಪಿ ಕುಡೀಬ್ಯಾಡಿ ಅಂದ್ರು, ಈ ವರ್ಸ ಕುಡೀರಿ ಅಂತಾವ್ರೆ. ಇವ್ರ ಸಂಸೋದ್ನೆ ನಮ್ಮೂರ ಕರೆಂಟಿದ್ದಂಗೆ, ಬತ್ತದೆ, ಓಯ್ತದೆ. ನಮ್ಮಂಗ್ಡಿಗೆ ಬರೋರ್ನ ನೋಡು, ಒಬ್ರಿಗಾರ ಏನಾರ ಆಗದಾ?"

ಹಳೇ ಗಿರಾಕಿ ಮಾದಯ್ಯ ಕೆನ್ನೆಯೊಳಗಿನ ಉಂಡೆ ಅಲುಗದಂತೆ ತಲೆಯಾಡಿಸಿದ.

ಆ ಭಾನುವಾರ ಮನೆಯಲ್ಲಿ ಮುದ್ದೆ, ಉಪ್ಸಾರು, ಖಾರ. ಖಾರ ಸಾಲದೆಂದು ಒರಳಿನ ಕಡೆ ಕೈ ತೋರಿಸುವ ಗಂಡ ಅಂದು ಖಾರವನ್ನು ತಟ್ಟೆಯ ಅಂಚಿಗೆ ಸರಿಸಿ ಮಜ್ಜಿಗೆ ಕೇಳಿದ್ದು ಸಣ್ಣತಾಯಮ್ಮನಿಗೆ ಸರಿಬರಲಿಲ್ಲ.

"ಒಸಿ ಜಾಸ್ತಿ ಆಗದೆ ಕಣೆ."

"ಅದೇ ಮೆಣಸಿನ್ಕಾಯಿ, ಅದೇ ಒಳ್ಳು. ಬಾಯ್ ತೆಗಿ."

ತೆಗೆದ. ಸೊಪ್ಪು ಇಟ್ಟುಕೊಳ್ಳುವ ಎಡಗೆನ್ನೆಯ ಒಳಗೆ, ಹಾಲಿನ ಕೆನೆ ಒಣಗಿದಂತೆ ಬೆಳ್ಳಗೆ ಮಚ್ಚೆ.

"ಆಸ್ಪತ್ರೆಗೆ ನಡಿ."

"ಇದೊಸಿ ಕೇಳು ಮದ್ಲು" ಎಂದು ಮೊಬೈಲು ತೆಗೆದ. "ಯಾವ್ದೋ ದೇಸದಲ್ಲಿ ಸಂಸೋದ್ನೆ ಮಾಡವ್ರೆ. ಒಗೆ ಇಲ್ದಿದ್ರೆ ಸೊಪ್ಪಿಂದ ಏನೂ ಆಗಕಿಲ್ವಂತೆ."

"ಯಾರು ಕಳ್ಸಿದ್ದು?"

"ಓಲ್‌ಸೇಲ್ನೋನು."

"ಸೊಪ್ಪು ಮಾರೋನು ತನ್ ಸೊಪ್ಪು ಕೊಳೆತದೆ ಅಂದಾನಾ?"

ಬೇರೆ ದಿನವಾಗಿದ್ದರೆ ಈ ಮಾತನ್ನು ಅವನೇ ಆಡುತ್ತಿದ್ದ. "ನಮ್ಮಂಗ್ಡಿಗೆ ಬರೋರೆಲ್ಲ ಗಟ್ಯಾಗೇ ಅವ್ರಲ್ಲ" ಎಂದ, ದನಿ ಸ್ವಲ್ಪ ಇಳಿದಿತ್ತು.

"ಬರೋರು ಗಟ್ಯಾಗೇ ಇರ್ತಾರೆ, ಇಲ್ದಿದ್ರೆ ಎಂಗ್ ಬಂದಾರು? ಬರದೆ ನಿಂತೋದೋರು ಏನಾದ್ರು? ಕಟ್ಟಿನ ಮೇಲ್ಗಡೆ ಎಲೆ ನೋಡಿ ಯಾಪಾರ ಮಾಡ್ತಾ ಕುಂತಿದ್ದೀಯ ನೀನು."

ದೊಡ್ಡಸಿದ್ದಯ್ಯ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ದಿನಾ ಸೊಪ್ಪಿಗೆ ಬರುತ್ತಿದ್ದ ಹೊಳಲಿನ ರಾಮಲಿಂಗಯ್ಯ ಅಂಗಡಿಗೆ ಬರುವುದು ನಿಂತು ಎಷ್ಟು ಕಾಲವಾಯಿತು? ಎದುರಂಗಡಿಗೆ ಹೋಗಿದ್ದಾನೆಂದು ಅವನನ್ನು ಬಾಯಿ ತುಂಬ ಬೈದಿದ್ದ. ಫೋನು ಮಾಡಿದ. ಎತ್ತಿದವಳು ಸೊಸೆ. ಮಾವನಿಗೆ ದವಡೆ ಆಪರೇಸನ್ ಆಗಿದೆ, ಗಂಜಿ ಕುಡಿಯುತ್ತಾರೆ, ಮಾತು ಕಮ್ಮಿ ಎಂದಳು.

ಮರುದಿನ ಮೊದಲ ಬಸ್ಸಿಗೆ ಗಂಡ ಹೆಂಡತಿ ಮಂಡ್ಯಕ್ಕೆ ಹೊರಟರು. ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ದೊಡ್ಡಸಿದ್ದಯ್ಯ ಎಣಿಸದೆ ಜೇಬಿಗೆ ಹಾಕಿಕೊಂಡ. ಅಂಥ ಪ್ರಯಾಣ ಸಣ್ಣತಾಯಮ್ಮ ಕಂಡದ್ದು ಅದೇ ಮೊದಲು. ಆಸ್ಪತ್ರೆಯ ಡಾಕ್ಟರಮ್ಮ ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಮಾತ್ರ, "ನಡುಮಧ್ಯದಿಂದ್ಲೇ ತೆಗುದ್ರಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡ.

ವರದಿ ಬಂತು. ಕ್ಯಾನ್ಸರ್ ಅಲ್ಲ; ಆದರೆ ಅಗಿಯುತ್ತಲೇ ಇದ್ದರೆ ಅದರ ಊರಿಗೇ ಹೋಗುವ ದಾರಿ. ಸೊಪ್ಪು ಇವತ್ತಿಗೇ ನಿಲ್ಲಬೇಕು, ಆಗಾಗ ಬಂದು ಬಾಯಿ ತೋರಿಸಬೇಕು.

"ಅಬ್ಬ ಅರಿದಿನಕ್ಕೆ ಚಿಟಿಕೆ ಆಕೊಬೋದಾ ತಾಯಿ?"

"ಚೌಕಾಸಿ ಇಲ್ಲ, ತಾತ. ಒಂದೇ ರೇಟು."

ದೊಡ್ಡಸಿದ್ದಯ್ಯನಿಗೆ ಆ ಡಾಕ್ಟರ್ ಹುಡುಗಿ ಹಿಡಿಸಿದಳು. ಅಂಗಡಿಯಲ್ಲಿ ಕೂರಿಸಿದರೆ ಚೆನ್ನಾಗಿ ವ್ಯಾಪಾರ ಮಾಡುತ್ತಾಳೆ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

ಈಗ ಅಂಗಡಿಯಲ್ಲಿ ಹೊಗೆಸೊಪ್ಪಿನ ಜಾಗಕ್ಕೆ ಅಚ್ಚುಬೆಲ್ಲ ಬಂದು ಕೂತಿದೆ. ಅದನ್ನೂ ಮೂಟೆಯ ನಡುವಿನಿಂದಲೇ ತೆಗೆದು ನೆಕ್ಕಿ ನೋಡುತ್ತಾನೆ. ಪೇಪರಿನವರನ್ನು ನಂಬುವುದು ಈಗಲೂ ಅಷ್ಟಕ್ಕಷ್ಟೇ. ಸಂಶೋಧನೆ ಎಂದು ಯಾರಾದರೂ ಓದಿದರೆ, ಕಾಸು ಹಾಕಿದವನು ಯಾರು ಎಂದು ಮೊದಲು ಕೇಳುತ್ತಾನೆ. ಸೊಪ್ಪು ಕೇಳಲು ಬಂದ ಮಾದಯ್ಯನಿಗೆ, "ಬಾಯ್ ತೆಗಿಲಾ" ಎಂದು ಬೀದಿಯಲ್ಲೇ ನಿಲ್ಲಿಸಿ ಟಾರ್ಚು ಬಿಟ್ಟು ನೋಡಿದ. ಮಾದಯ್ಯ ಬೈಯುತ್ತಲೇ ಮಂಡ್ಯದ ಬಸ್ಸು ಹತ್ತಿದ.

ಮಚ್ಚೆ ತೆಳುವಾಗುತ್ತ ಬಂದು, ಮೊನ್ನೆ ತೋರಿಸಿದಾಗ ಡಾಕ್ಟರಮ್ಮ ಹುಡುಕಬೇಕಾಯಿತು. ಅಂದು ಮನೆಗೆ ಬಂದವನು ಮುದ್ದೆ ಮುರಿದು ಖಾರದಲ್ಲಿ ಹೊರಳಿಸಿ ನುಂಗಿದ. ಕಣ್ಣಲ್ಲಿ ನೀರು ಬಂತು.

"ಉರೀತದಾ?" ಎಂದಳು ಸಣ್ಣತಾಯಮ್ಮ.

"ಎಲ್ಲಿ? ನಿನ್ ಕೈಯಾಗಿನ ಖಾರ ಸತ್ತೋಗದೆ ಕಣೆ. ಇನ್ನೊಸಿ ಇಕ್ಕು."