ಬೀಬಮ್ಮ ಕೇಳಿದ ಒಂದು ಮಾತು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಗುಬ್ಬಿ ತಾಲೂಕಿನ ಕಡಬದ ಹತ್ತಿರದ ನಮ್ಮ ಹಳ್ಳಿಯ ತುಂಬ ಒಣಹಾಕಿದ ಕೊಬ್ಬರಿಯ ವಾಸನೆ. ಶಾಲೆಯ ಜಗಲಿಯಲ್ಲಿ ಕುಂಟೆಬಿಲ್ಲೆ ಆಡುವುದು, ಹಸಿದರೆ ಮಂಡಕ್ಕಿಗೆ ಕಾಯಿತುರಿ ಕಲಸಿ ತಿನ್ನುವುದು, ಇಷ್ಟೇ ನಮ್ಮ ಕೆಲಸ. ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ನಮ್ಮ ರತ್ನಾ ಮೇಡಂ ಭಾನುವಾರ ಸಂಜೆ ಅದೇ ಜಗಲಿಯಲ್ಲಿ ಊರಿನವರನ್ನು ಕೂರಿಸಿ ಹಳೆಯದನ್ನು ಹೇಳಿಸತೊಡಗಿದರು. ಒಬ್ಬರಿಗೊಬ್ಬರು ಮಾಡಿದ ಅನ್ಯಾಯವನ್ನು ಎದುರೆದುರು ಕೂತು ಹೇಳಿಕೊಂಡರೆ ಮನಸ್ಸುಗಳು ಕೂಡುತ್ತವೆ ಎಂಬುದು ಅವರ ನಂಬಿಕೆ.

ಒಂದು ಭಾನುವಾರ ಗುಬ್ಬಿಯಿಂದ ಬೀಬಮ್ಮ ಎಂಬ ಮುದುಕಿಯನ್ನು ಕರೆಸಿದರು. ಹಿಂದೆ ನಮ್ಮೂರಿನಲ್ಲಿದ್ದ ಒಂದೇ ಒಂದು ಸಾಬರ ಮನೆ ಅವರದು. ಹಾಸಿಗೆಗೆ ಹತ್ತಿ ಹಿಂಜುವವರು. ನನ್ನ ತಾತ ಕುಣಿಗಲ್‌ನಿಂದ ತಂದ ಹಸು ಕಾಣೆಯಾದಾಗ ಬೀಬಮ್ಮನ ಗಂಡನೇ ಕದ್ದನೆಂದು ಸುದ್ದಿ ಹಬ್ಬಿತಂತೆ. ಅವರಿಗೆ ಬಾವಿಯ ನೀರು ನಿಂತಿತು, ಅಂಗಡಿಯ ಸಾಮಾನು ನಿಂತಿತು. ಕೊನೆಗೆ ಜನ ಸೇರಿ ಪಾತ್ರೆ ಪಗಡೆ ಬೀದಿಗೆಸೆದು ಊರು ಬಿಡಿಸಿದರು.

“ಕರೀತೀರ ಅಂತ ಗುಬ್ಬೀಲಿ ಎರಡು ವರ್ಷ ಗಂಟು ಬಿಚ್ಚಲಿಲ್ಲ ಕಣ್ರಪ್ಪ,” ಎಂದರು ಬೀಬಮ್ಮ. “ನಂಗೆ ಮನೆ ಬ್ಯಾಡ, ಜಾಗ ಬ್ಯಾಡ. ಅವ್ರು ಕದ್ದಿರಲಿಲ್ಲ ಅಂತ ಯಾರಾದ್ರೂ ಒಬ್ರು ಹೇಳ್ಬುಡಿ.”

ಎಲ್ಲರೂ ತಾತನ ಮುಖ ನೋಡಿದರು. ತಾತ ನೆಲ ನೋಡುತ್ತಿದ್ದರು. ಆ ಹಸು ಹಗ್ಗ ಬಿಚ್ಚಿಕೊಂಡು ಕುಣಿಗಲ್‌ನ ತನ್ನ ಹಳೇ ಕೊಟ್ಟಿಗೆಯನ್ನೇ ಸೇರಿತ್ತು. ಗೊತ್ತಾದ ಮೇಲೂ ಮರ್ಯಾದೆಗೆ ಅಂಜಿ ತಾತ ಸುಮ್ಮನಿದ್ದರು. ಹಿಂದಿನ ದಿನವಷ್ಟೇ ಅವರು ಅಜ್ಜಿಗೆ ಹಾಗೆಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಎದ್ದು ನಿಂತು ಅದನ್ನೇ ಹೇಳಿಬಿಟ್ಟೆ.

ತಾತ ನಕ್ಕರು. “ಮಗೀಗೆ ಏನೋ ಕನಸು ಬಿದ್ದೈತೆ.”

ಜಗಲಿಯೆಲ್ಲ ನಕ್ಕಿತು. ಮೇಡಂ ಹತ್ತಿರ ಬಂದು, ನಿಜ ಹೇಳಮ್ಮ, ಹೆದರಬೇಡ ಎಂದರು. ಬೀಬಮ್ಮ ನನ್ನನ್ನೇ ನೋಡುತ್ತಿದ್ದರು. ತಾತನೂ ನೋಡುತ್ತಿದ್ದರು.

“ಕನಸು ಮೇಡಂ,” ಎಂದೆ.

ಮೇಡಂ ಕೊಟ್ಟ ಟೀ ಮುಟ್ಟದೆ ಬೀಬಮ್ಮ ಬಸ್ಸಿಗೆ ನಡೆದರು. ಮನೆಯಲ್ಲಿ ತಾತ ನನ್ನ ತಟ್ಟೆಗೆ ತಾವೇ ತುಪ್ಪ ಬಡಿಸಿದರು. ನಾನು ತಿಂದೆ. ಮುಂದಿನ ಭಾನುವಾರ ಜಗಲಿಗೆ ಯಾರೂ ಬರಲಿಲ್ಲ, ಆಮೇಲೂ ಬರಲಿಲ್ಲ.

ನಾನೀಗ ತುಮಕೂರಿನಲ್ಲಿ ಟೀಚರು. ತಾತ ತೀರಿಕೊಂಡ ಮೇಲೆ, ಹೋದ ವರ್ಷ, ಧೈರ್ಯ ಮಾಡಿ ಗುಬ್ಬಿಗೆ ಹೋಗಿ ಬೀಬಮ್ಮನ ಮಗನ ಹಾಸಿಗೆ ಅಂಗಡಿ ಹುಡುಕಿದೆ. ಬೀಬಮ್ಮ ತೀರಿಹೋಗಿ ಬಹಳ ವರ್ಷವಾಗಿತ್ತು. ಹಸುವಿನ ವಿಷಯವನ್ನೂ, ನಾನು ಆಡಿದ ಸುಳ್ಳನ್ನೂ ಮಗನಿಗೆ ಪೂರ್ತಿ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿಸಿಕೊಂಡರು.

“ನಮ್ಮಪ್ಪ ಕದ್ದಿಲ್ಲ ಅಂತ ನಮಗೆ ಗೊತ್ತೇ ಇತ್ತಲ್ಲ ಮೇಡಂ,” ಎಂದರು. “ನಿಮ್ಮೂರೋರ ಬಾಯಲ್ಲಿ ಅಮ್ಮ ಕೇಳ್ಬೇಕಿತ್ತು.”

ಮತ್ತೆ ಹತ್ತಿಗೆ ಕೈ ಹಾಕಿದರು. ಕೂತ್ಕೊಳ್ಳಿ ಎನ್ನಲಿಲ್ಲ.