ಸಣ್ಣಯ್ಯನ ಕೋಣ, ಮೇಸ್ತ್ರಿಯ ಕೋಣಂ

ತಮಿಳು ಸೀಮೆಯ ಕೊಳತ್ತೂರಿನ ಸುತ್ತಮುತ್ತ ಕತ್ತಿ, ಮಚ್ಚು, ಕುರಿ ಕತ್ತರಿ, ಯಾವುದರ ಬಾಯಿ ಮೊಂಡಾದರೂ ಜನ ಸಾಣೆ ಸಣ್ಣಯ್ಯನ ಒಂಟಿ ಕೋಣದ ಗಾಡಿಗೆ ಕಾಯುತ್ತಿದ್ದರು. ಎಪ್ಪತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಜ್ವರ ಬಂದು ಹೋದಮೇಲೆ ಅವನ ಬಲಗೈ ನಡುಗತೊಡಗಿತು. ಕೈ ನಡುಗುವ ಸಾಣೆಯವನ ಮುಂದೆ ಯಾರು ತಾನೇ ಕತ್ತಿ ಇಟ್ಟಾರು? ಕಸುಬೇ ಕೈಬಿಡುವ ಹಾಗಾಯಿತು.

ಸಣ್ಣಯ್ಯ ಸುಮ್ಮನೆ ಕೂರುವ ಆಸಾಮಿಯಲ್ಲ. ಗಾಡಿಯ ಹಿಂದುಗಡೆ ಹಲಗೆ ಬಡಿದ, ಹಲಗೆಗೆ ಒಂದು ಗೂಟ ನೆಟ್ಟ. ಗೂಟದ ತೂತಿನಲ್ಲಿ ಹಳೆಯ ಕೊಡೆಯ ಕಂಬಿ ತೂರಿಸಿ, ಕಂಬಿಯ ತುದಿಗೆ ಸಾಣೆಕಲ್ಲು ಕಟ್ಟಿದ. ಕತ್ತಿಯನ್ನು ಹಲಗೆಗೆ ಬಿಗಿದು ಉಜ್ಜಿದರಾಯಿತು, ಕೈ ಎಷ್ಟು ನಡುಗಿದರೂ ಕಲ್ಲು ಒಂದೇ ವಾಟದಲ್ಲಿ ಓಡುತ್ತದೆ. ಹೆಂಡತಿ ರಾಮಕ್ಕನ ಚೂರಿ ಸೊಗಸಾಗಿ ಹರಿತವಾಯಿತು. ಆದರೆ ಅದೇ ತೂತು, ಅದೇ ಕಲ್ಲಿನಲ್ಲಿ ಮಸೆದ ಅಗಲ ಮಚ್ಚಿನ ಬಾಯಿ ಮಾತ್ರ ತೀರ ತೆಳುವಾಗಿ, ಮೊದಲ ಏಟಿಗೇ ಮಡಚಿಕೊಂಡಿತು. ಸಣ್ಣಯ್ಯನಿಗೆ ತಲೆಬುಡ ತಿಳಿಯಲಿಲ್ಲ.

ಮೆಟ್ಟೂರಿನ ಲೇತ್ ಮೇಸ್ತ್ರಿ ವೆಂಕಟಾಚಲಂ ಹತ್ತಿರ ಗಾಡಿ ಹೊಡೆದ. ಮೇಸ್ತ್ರಿ ಕಂಬಿ ಆಡಿಸಿ ನೋಡಿ, "ಅಗಲ ಕತ್ತಿಕ್ಕು ಕೋಣಂ ಮಾರಣುಂ, ಸಣ್ಣಯ್ಯಾ" ಎಂದು ಹೇಳಿ ಒಳಗೆ ಹೋದ.

ಕೋಣ ಮಾರಬೇಕು! ದಾರಿಯುದ್ದಕ್ಕೂ ಸಣ್ಣಯ್ಯ ಕೋಣದ ಬೆನ್ನನ್ನೇ ನೋಡುತ್ತ ಬಂದ. ಅದು ನೊಣಕ್ಕೆ ಮೈ ಕೊಡವಿದಾಗ ಗಾಡಿ ಅಲುಗುವುದು ನಿಜ.

"ಬಿಚ್ಚಿ ಕಟ್ಟಾಕಿದ್ರೆ ಸಾಲ್ದಾ? ಮಾರ್ಲೇಬೇಕಾ?" ಎಂದಳು ರಾಮಕ್ಕ.

"ನಂಗೂ ಅರ್ತ ಆಗ್ತಿಲ್ಲ. ಮೇಸ್ತ್ರಿ ಏಳವ್ರೆ ಅಂದ್ಮೇಲೆ ಏನೋ ಐತೆ."

ಕೋಣವನ್ನು ತೊಪ್ಪೂರಿನ ಕಡೆಯವನೊಬ್ಬ ಹೊಡೆದುಕೊಂಡು ಹೋದ. ಅದು ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿತು. ಆಮೇಲೆ ಸಣ್ಣಯ್ಯ ಗಾಡಿಗೆ ಕಲ್ಲು ಕೊಟ್ಟು ನಿಲ್ಲಿಸಿ ಮಚ್ಚು ಮಸೆದ. ಬಾಯಿ ಮತ್ತೆ ಮಡಚಿತು.

ಹಲಗೆ ಕಿತ್ತು, ಮಚ್ಚಿನ ಸಮೇತ ಹೊತ್ತುಕೊಂಡು ಬಸ್ಸಿನಲ್ಲಿ ಮೆಟ್ಟೂರಿಗೆ ಹೋದ. "ಕೋಣ ಮಾರ್ಬುಟ್ಟೆ ಮೇಸ್ತ್ರೀ. ಆದ್ರೂ ಅಂಗೇ ಐತೆ."

ವೆಂಕಟಾಚಲಂ ಎರಡು ಕಡ್ಡಿ ತೆಗೆದು, ಒಂದರ ತುದಿಗೆ ಇನ್ನೊಂದನ್ನು ಓರೆಯಾಗಿ ಕೂಡಿಸಿ, ನಡುವಿನ ಸಂದಿಯಲ್ಲಿ ಬೆರಳಿಟ್ಟು ತೋರಿಸಿದ. "ಇದುದಾನ್ ಕೋಣಂ." ಸಣ್ಣಯ್ಯ ಕಲಿಯದ ಶಾಲೆಯ ತಮಿಳಿನಲ್ಲಿ ಕೋಣಂ ಎಂದರೆ ಕೋನ, ವಾಟ. ಮಾರಣುಂ ಎಂದರೆ ಬದಲಾಗಬೇಕು. ಅಲಗು ಅಗಲವಾದಷ್ಟೂ ಬಾಯಿ ಗೂಟದಿಂದ ದೂರ ಹೋಗಿ ಕಲ್ಲು ಮಲಗಿ ಬಾಯಿ ತೆಳುವಾಗುತ್ತದೆ, ಕಂಬಿಯನ್ನು ಮೇಲೇರಿಸಬೇಕು. ಇಷ್ಟೇ ಸಂಗತಿ. ಮೇಸ್ತ್ರಿ ಗೂಟದಲ್ಲಿ ಮೇಲೆ ಇನ್ನೊಂದು ತೂತು ಕೊರೆದುಕೊಟ್ಟ. ಅದರಲ್ಲಿ ಮಸೆದ ಮಚ್ಚು ಕಟ್ಟಿಗೆಯನ್ನು ಒಂದೇ ಏಟಿಗೆ ಸೀಳಿತು.

ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಸಣ್ಣಯ್ಯ ಮನೆಗೆ ಬಂದು ಎಲ್ಲವನ್ನೂ ಹೇಳಿದ, ಎರಡು ಕಡ್ಡಿ ಹಿಡಿದು ಕೋಣವನ್ನೂ ತೋರಿಸಿದ.

ರಾಮಕ್ಕ ನಗಲಿಲ್ಲ. "ಸರಿ. ನಾಳೆ ಗಾಡಿಗೆ ಈ ಕಡ್ಡಿ ಕೋಣನೇ ಕಟ್ಕೊಂಡು ಓಗಪ್ಪ" ಎಂದಳು.

ಬೆಳಗ್ಗೆ ಸಣ್ಣಯ್ಯ ಹಲಗೆಯನ್ನು ಗಾಡಿಗೆ ಮತ್ತೆ ಬಡಿದು, ನೊಗವೆತ್ತಿ ತನ್ನ ಹೆಗಲಿಗೇ ಇಟ್ಟುಕೊಂಡ.